ಗಾಲಿ ಮೇಲಿನ ಮನೆಗೆ ಯಾವ ಊರಿನ ವಿಳಾಸ?

'ನೊಮ್ಯಾಡ್‌ಲ್ಯಾಂಡ್' ಸಿನಿಮಾ ನೋಡಿದವರಿಗೆ ಎಂಪೈರ್ ಅನ್ನೋ ಊರು ನೆನಪಿರಬಹುದು. ಅಮೆರಿಕದ ನೆವಾಡಾ ರಾಜ್ಯದ ಈ ಊರು ನಿಂತಿದ್ದೇ ಒಂದು ಜಿಪ್ಸಂ ಕಾರ್ಖಾನೆಯ ಮೇಲೆ. 2011ರ ಜನವರಿಯಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಅದೇ ವರ್ಷ ಊರಿನ ಜಿಪ್ ಕೋಡ್, ಅಂದರೆ ನಮ್ಮ ಪಿನ್ ಕೋಡ್ ಇದ್ದ ಹಾಗೆ, ಅದೂ ರದ್ದಾಯಿತು. ಕೆಲಸ ಹೋಗೋದು, ಮನೆ ಹೋಗೋದು ನಮಗೆ ಗೊತ್ತಿರುವ ಸಂಗತಿ. ವಿಳಾಸವೇ ಹೋದರೆ ಏನಾಗುತ್ತೆ?

ಈ ಪ್ರಶ್ನೆ ಅಮೆರಿಕದಲ್ಲಿ ಸಿನಿಮಾದ ಆಚೆಗೂ ಇದೆ. ಅಡುಗೆಮನೆ, ಹಾಸಿಗೆ, ಶೌಚಾಲಯ ಎಲ್ಲ ಇರುವ ವಾಹನಕ್ಕೆ ಅಲ್ಲಿ ಆರ್‌ವಿ ಅಂತಾರೆ. ರಜೆಗೆ ಸುತ್ತಾಡಲು ಮಾಡಿದ ಈ ವಾಹನದಲ್ಲೇ ವರ್ಷವಿಡೀ ಬದುಕುವವರಿದ್ದಾರೆ. ನಿವೃತ್ತರು, ಲ್ಯಾಪ್‌ಟಾಪ್‌ನಲ್ಲಿ ದುಡಿಯುವವರು, ಬಾಡಿಗೆ ಕಟ್ಟಲಾಗದೆ ವಾಹನಕ್ಕೆ ಬಂದವರು, ಹಂಗಾಮಿಗೆ ತಕ್ಕಂತೆ ಕೆಲಸ ಹುಡುಕಿಕೊಂಡು ಹೋಗುವವರು, ಎಲ್ಲರೂ ಇದರಲ್ಲಿ ಸೇರಿದ್ದಾರೆ. ಇವರೆಲ್ಲ ಕಾನೂನಿನ ಕಣ್ಣಿಗೆ ಯಾವ ರಾಜ್ಯದವರು? ಅದನ್ನು ಸಾಬೀತು ಮಾಡೋದು ಹೇಗೆ? ಮಾಡಿದ ಮೇಲೂ ಅವರ ಕೈಯಿಂದ ಜಾರಿಹೋಗೋದು ಯಾವುದು?

ಖಾಲಿ ಬಿಡುವಂತಿಲ್ಲದ ಕಾಲಂ

ನಾನು ಓದಿದ್ದು ಇಂಜಿನಿಯರಿಂಗ್. ಡೇಟಾಬೇಸ್ ಪಾಠದಲ್ಲಿ ಕೆಲವು ಕಾಲಂಗಳನ್ನು ಖಾಲಿ ಬಿಡುವಂತಿಲ್ಲ ಅಂತ ಮೊದಲೇ ನಿಗದಿ ಮಾಡುತ್ತಿದ್ದೆವು. ಅಮೆರಿಕದ ವ್ಯವಸ್ಥೆಯಲ್ಲಿ ವಿಳಾಸ ಅಂಥದ್ದೊಂದು ಕಾಲಂ. ಡ್ರೈವಿಂಗ್ ಲೈಸೆನ್ಸ್ ಕೊಡೋದು ರಾಜ್ಯ. ವಾಹನ ನೋಂದಣಿ, ಮತದಾರರ ಪಟ್ಟಿ ಎರಡೂ ರಾಜ್ಯದ ಕೈಯಲ್ಲಿವೆ. ವಿಮೆಯ ನಿಯಮಗಳೂ ರಾಜ್ಯದ್ದೇ. ಆದಾಯ ತೆರಿಗೆಯನ್ನು ಕೇಂದ್ರದ ಜೊತೆ ಬಹುತೇಕ ರಾಜ್ಯಗಳೂ ವಸೂಲಿ ಮಾಡುತ್ತವೆ. 'ನಾನು ಅಮೆರಿಕದವನು, ಇಷ್ಟು ಸಾಲದೇ?' ಅಂದರೆ ಸಾಲದು. ಯಾವುದಾದರೂ ಒಂದು ರಾಜ್ಯ ನಿಮ್ಮನ್ನು ತನ್ನವರು ಅಂತ ಬರೆದುಕೊಳ್ಳಲೇಬೇಕು.

2005ರ ರಿಯಲ್ ಐಡಿ ಕಾಯ್ದೆ ಇದನ್ನು ಇನ್ನಷ್ಟು ಬಿಗಿ ಮಾಡಿತು. ಆ ಮಾನದಂಡದ ಗುರುತಿನ ಚೀಟಿಗೆ ಮುಖ್ಯ ವಾಸಸ್ಥಳದ ದಾಖಲೆ ತೋರಿಸಬೇಕು. ಹಲವು ಸಲ ಮುಂದೂಡಿದ ಈ ನಿಯಮ ವಿಮಾನ ಪ್ರಯಾಣಿಕರಿಗೆ 2025ರ ಮೇ 7ರಿಂದ ಜಾರಿಯಾಗಿದೆ.

ವಾಸ ಬೇರೆ, ಡೊಮಿಸೈಲ್ ಬೇರೆ

ನಾಡಕಚೇರಿ ಮುಂದೆ ಕ್ಯೂ ನಿಂತವರಿಗೆ 'ಡೊಮಿಸೈಲ್' ಅನ್ನೋ ಪದ ಹೊಸದಲ್ಲ. ಅಮೆರಿಕದ ಕಾನೂನಿನಲ್ಲಿ ಅದರ ಅರ್ಥ ಸ್ವಲ್ಪ ಸೂಕ್ಷ್ಮ. ಒಬ್ಬರಿಗೆ ನಾಲ್ಕು ಕಡೆ ಮನೆ ಇರಬಹುದು, ನಾಲ್ಕೂ ಕಡೆ ವಾಸ ಮಾಡಬಹುದು. ಆದರೆ ಒಂದು ಹೊತ್ತಿಗೆ ಡೊಮಿಸೈಲ್ ಒಂದೇ. ಅದಕ್ಕೆ ಎರಡು ಅಂಶ ಬೇಕು: ಆ ರಾಜ್ಯದಲ್ಲಿ ದೈಹಿಕವಾಗಿ ಇದ್ದಿರಬೇಕು, ಅದನ್ನೇ ಕಾಯಂ ನೆಲೆ ಮಾಡಿಕೊಳ್ಳುವ ಉದ್ದೇಶವೂ ಇರಬೇಕು. ಹೊಸದೊಂದು ಸಿಗುವವರೆಗೆ ಹಳೆಯದು ಬಿಟ್ಟುಹೋಗಲ್ಲ. ಹಾಗಾಗಿ ಮನೆ ಮಾರಿ ಆರ್‌ವಿ ಹತ್ತಿದ ತಕ್ಷಣ ಯಾರೂ 'ಯಾವ ರಾಜ್ಯಕ್ಕೂ ಸೇರದವರು' ಆಗಲ್ಲ. ಹಳೆಯ ರಾಜ್ಯದ ಲೆಕ್ಕದಲ್ಲೇ ಉಳಿದಿರುತ್ತಾರೆ.

ಉದ್ದೇಶವನ್ನು ಅಳೆಯೋದು ಹೇಗೆ? ಇದು ಎಷ್ಟು ಗೋಜಲು ಅನ್ನೋದಕ್ಕೆ ಒಂದು ಹಳೆಯ ಕೇಸ್ ಸಾಕು. ಕರ್ನಲ್ ಎಡ್ವರ್ಡ್ ಗ್ರೀನ್ ಎಂಬ ಶ್ರೀಮಂತ 1936ರಲ್ಲಿ ತೀರಿಕೊಂಡಾಗ ಟೆಕ್ಸಾಸ್, ಫ್ಲಾರಿಡಾ, ನ್ಯೂಯಾರ್ಕ್, ಮ್ಯಾಸಚೂಸೆಟ್ಸ್ ನಾಲ್ಕೂ ರಾಜ್ಯಗಳು ಆತ 'ನಮ್ಮವನು' ಅಂತ ಸಾವಿನ ನಂತರದ ಆಸ್ತಿ ತೆರಿಗೆಗೆ ಹಕ್ಕು ಮಂಡಿಸಿದವು. ಎಲ್ಲರಿಗೂ ಕೊಡಲು ಹೊರಟರೆ ಆಸ್ತಿಯೇ ಸಾಲದು ಎಂಬ ಸ್ಥಿತಿ. 1939ರಲ್ಲಿ ಸುಪ್ರೀಂ ಕೋರ್ಟ್ ಮ್ಯಾಸಚೂಸೆಟ್ಸ್ ಪರ ತೀರ್ಪು ಕೊಟ್ಟಿತು. ಆತ ಬಾಯಲ್ಲಿ ಹೇಳಿಕೊಂಡಿದ್ದು ಟೆಕ್ಸಾಸ್, ಬದುಕಿನ ಜಾಡು ತೋರಿಸಿದ್ದು ಮ್ಯಾಸಚೂಸೆಟ್ಸ್. ಕೋರ್ಟ್ ಎರಡನೆಯದನ್ನು ನಂಬಿತು.

ಮೂರು ರಾಜ್ಯಗಳ ಬಾಗಿಲು

ಪೂರ್ಣಾವಧಿ ಆರ್‌ವಿ ವಾಸಿಗಳು ಹೆಚ್ಚಾಗಿ ಆರಿಸಿಕೊಳ್ಳೋದು ಸೌತ್ ಡಕೋಟ, ಟೆಕ್ಸಾಸ್, ಫ್ಲಾರಿಡಾ. ಮೂರರಲ್ಲೂ ವ್ಯಕ್ತಿಗಳ ಮೇಲೆ ರಾಜ್ಯ ಆದಾಯ ತೆರಿಗೆ ಇಲ್ಲ. ಮೂರರಲ್ಲೂ ಅಂಚೆ ರವಾನೆಯ ಖಾಸಗಿ ಸೇವೆಗಳು ಬೇರೂರಿವೆ. ಇವು ನಿಮ್ಮ ಹೆಸರಲ್ಲಿ ರಸ್ತೆ, ಸಂಖ್ಯೆ ಇರುವ ವಿಳಾಸ ಕೊಟ್ಟು, ಬಂದ ಟಪಾಲನ್ನು ನೀವಿರುವಲ್ಲಿಗೆ ಕಳಿಸುತ್ತವೆ.

ಸೌತ್ ಡಕೋಟದ್ದು ಅತಿ ಸರಳ ದಾರಿ. ಅಂಥ ವಿಳಾಸ ಪಡೆದು, ರಾಜ್ಯದ ಹೋಟೆಲ್ ಅಥವಾ ಕ್ಯಾಂಪ್‌ಗ್ರೌಂಡ್‌ನಲ್ಲಿ ಒಂದು ರಾತ್ರಿ ತಂಗಿದ ರಸೀದಿ ತೋರಿಸಿ, ನಿವಾಸದ ಅಫಿಡವಿಟ್‌ಗೆ ಸಹಿ ಹಾಕಿದರೆ ಲೈಸೆನ್ಸ್‌ಗೆ ಅರ್ಜಿ ಹಾಕಬಹುದು. ವಾಹನ ಕೊಂಡವರು 4% ಎಕ್ಸೈಸ್ ತೆರಿಗೆ ಕಟ್ಟಬೇಕು.

ಟೆಕ್ಸಾಸ್‌ನ ಪೋಕ್ ಕೌಂಟಿಯಲ್ಲಿರುವ ಲಿವಿಂಗ್‌ಸ್ಟನ್ ಪಟ್ಟಣ ಎಸ್ಕೇಪೀಸ್ ಎಂಬ ಆರ್‌ವಿ ಕ್ಲಬ್ಬಿನ ಕೇಂದ್ರ. 1978ರಲ್ಲಿ ಶುರುವಾದ ಈ ಕ್ಲಬ್ಬಿನ ಅಂಚೆ ವ್ಯವಸ್ಥೆ ಬಳಸುವ ಸದಸ್ಯರಿಂದಾಗಿ ಒಂದು ಸಣ್ಣ ಪಟ್ಟಣ ದೇಶ ಸುತ್ತುವ ಸಾವಿರಾರು ಜನರ 'ಸ್ವಂತ ಊರು' ಆಗಿದೆ. ಫ್ಲಾರಿಡಾದಲ್ಲಿ ಇನ್ನೊಂದು ಅನುಕೂಲವಿದೆ. 'ಇದೇ ನನ್ನ ಡೊಮಿಸೈಲ್' ಅಂತ ಪ್ರಮಾಣ ಮಾಡಿದ ಘೋಷಣಾ ಪತ್ರವನ್ನು ಕೌಂಟಿ ಕೋರ್ಟಿನ ಕ್ಲರ್ಕ್ ಬಳಿ ದಾಖಲಿಸಲು ಅಲ್ಲಿನ ಕಾನೂನಿನಲ್ಲೇ ಅವಕಾಶ ಇದೆ.

ಮಾಡೋದು ಯಾವ ಕ್ರಮದಲ್ಲಿ?

ಮೊದಲು ಅಂಚೆ ವಿಳಾಸ. ನಿಮ್ಮ ಟಪಾಲನ್ನು ಇನ್ನೊಬ್ಬರು ತೆಗೆದುಕೊಳ್ಳಲು ಅಂಚೆ ಇಲಾಖೆಯ 1583 ಸಂಖ್ಯೆಯ ಫಾರಂ ತುಂಬಿ, ಗುರುತು ದೃಢಪಡಿಸಬೇಕು. ನಂತರ ರಾಜ್ಯಕ್ಕೆ ಖುದ್ದಾಗಿ ಹೋಗಿ ಲೈಸೆನ್ಸ್ ಪಡೆದು, ಹಳೆಯದನ್ನು ಒಪ್ಪಿಸಬೇಕು. ಆಮೇಲೆ ವಾಹನ ನೋಂದಣಿ, ವಿಮೆ. ವಿಮಾ ಕಂಪನಿಗೆ 'ನಾನು ಇದರಲ್ಲೇ ವರ್ಷವಿಡೀ ಇರ್ತೀನಿ' ಅಂತ ಹೇಳಲೇಬೇಕು. ರಜೆಗಷ್ಟೇ ಬಳಸುವ ವಾಹನದ ಪಾಲಿಸಿ ಇಟ್ಟುಕೊಂಡರೆ ಕ್ಲೇಮ್ ಹೊತ್ತಿಗೆ ತೊಂದರೆ. ಕೊನೆಗೆ ಬ್ಯಾಂಕ್, ವೈದ್ಯರು, ಉಯಿಲು, ತೆರಿಗೆ ರಿಟರ್ನ್ ಎಲ್ಲವೂ ಹೊಸ ರಾಜ್ಯದ ಕಡೆ ಬೊಟ್ಟು ಮಾಡುವಂತಿರಬೇಕು.

ಅಷ್ಟೇ ಮುಖ್ಯ, ಹಳೆಯ ರಾಜ್ಯದ ಎಳೆಗಳನ್ನು ಕತ್ತರಿಸೋದು. ನ್ಯೂಯಾರ್ಕ್‌ನಂಥ ರಾಜ್ಯ ಸುಲಭಕ್ಕೆ ಬಿಡಲ್ಲ. ಅಲ್ಲಿ ಕಾಯಂ ಮನೆ ಉಳಿಸಿಕೊಂಡು ವರ್ಷದಲ್ಲಿ 183 ದಿನಕ್ಕಿಂತ ಹೆಚ್ಚು ಇದ್ದರೆ, ಡೊಮಿಸೈಲ್ ಎಲ್ಲೇ ಇರಲಿ, ತೆರಿಗೆ ಲೆಕ್ಕಕ್ಕೆ ನಿವಾಸಿಯೇ. ಇನ್ನೊಂದು ತಪ್ಪು ಕಲ್ಪನೆಯೂ ಇದೆ. ಸೌತ್ ಡಕೋಟ ಲೈಸೆನ್ಸ್ ಇದ್ದ ಮಾತ್ರಕ್ಕೆ ಕ್ಯಾಲಿಫೋರ್ನಿಯಾದಲ್ಲಿ ನಿಂತು ದುಡಿದ ಹಣಕ್ಕೆ ವಿನಾಯಿತಿ ಸಿಗಲ್ಲ. ದುಡಿದ ನೆಲದ ತೆರಿಗೆ ದುಡಿದ ನೆಲಕ್ಕೇ.

ಬ್ಯಾಂಕುಗಳದ್ದು ಬೇರೆ ಕಥೆ. ಖಾತೆ ತೆರೆಯುವಾಗ ಗ್ರಾಹಕರ ವಾಸದ ವಿಳಾಸ ಪಡೆಯಬೇಕು ಅನ್ನೋದು ಕೇಂದ್ರದ ನಿಯಮ. ನೀವು ಕೊಟ್ಟ ವಿಳಾಸ ಖಾಸಗಿ ಅಂಚೆ ಸೇವೆಯದ್ದು ಅಂತ ಬ್ಯಾಂಕಿನ ಸಾಫ್ಟ್‌ವೇರ್ ಪತ್ತೆ ಹಚ್ಚಿದರೆ ಅರ್ಜಿ ಅಲ್ಲೇ ನಿಲ್ಲಬಹುದು. ಅನೇಕರು ನೆಂಟರ ಮನೆಯ ವಿಳಾಸ ಕೊಡೋದು ಇದಕ್ಕೇ.

ವೀಸಾದಲ್ಲಿರುವ ಕನ್ನಡಿಗರಿಗೆ ಒಂದು ಎಚ್ಚರಿಕೆ. ಪೌರರಲ್ಲದವರು ವಿಳಾಸ ಬದಲಾದ 10 ದಿನದೊಳಗೆ ವಲಸೆ ಇಲಾಖೆಗೆ ತಿಳಿಸಬೇಕು. ಎಚ್‌-1ಬಿ ಅನುಮತಿ ಕೆಲಸದ ಸ್ಥಳಕ್ಕೆ ಕಟ್ಟಿಕೊಂಡಿರುತ್ತೆ. ರಿಮೋಟ್ ಕೆಲಸ ಅಂತ ರಾಜ್ಯದಿಂದ ರಾಜ್ಯಕ್ಕೆ ಗಾಡಿ ಓಡಿಸುವ ಮುಂಚೆ ವಕೀಲರನ್ನು ಕೇಳಿ. ಗ್ರೀನ್ ಕಾರ್ಡ್ ಇದ್ದವರು ಪೌರತ್ವದ ಅರ್ಜಿ ಹಾಕುವಾಗಲೂ ಹಿಂದಿನ ಮೂರು ತಿಂಗಳು ಆ ರಾಜ್ಯದ ಅಥವಾ ವಲಸೆ ಜಿಲ್ಲೆಯ ನಿವಾಸಿಯಾಗಿದ್ದಿರಬೇಕು.

ಹಣಕ್ಕೆ ನಿವಾಸಿ, ಮತಕ್ಕೆ ಅಲ್ಲ

ಇಷ್ಟೆಲ್ಲ ಮಾಡಿದವರಿಗೆ ಮತ ಇದೆಯೇ? ನನ್ನ ಪ್ರಕಾರ ಇಡೀ ವಿಷಯದ ಜೀವ ಇರೋದು ಇಲ್ಲೇ.

ಪೋಕ್ ಕೌಂಟಿಯಲ್ಲಿ 2000ದ ಚುನಾವಣೆ ಹೊತ್ತಿಗೇ ಸಾವಿರಾರು ಆರ್‌ವಿ ಮತದಾರರ ನೋಂದಣಿಯನ್ನು ಸ್ಥಳೀಯರು ಪ್ರಶ್ನಿಸಿದ್ದರು. 2021ರಲ್ಲಿ ಟೆಕ್ಸಾಸ್ ತಂದ ಕಾನೂನು ಅಂಚೆ ಪೆಟ್ಟಿಗೆಯಂಥ ವಾಣಿಜ್ಯ ವಿಳಾಸ ಕೊಟ್ಟವರಿಂದ ವಾಸದ ಪುರಾವೆ ಕೇಳುವ ದಾರಿ ಮಾಡಿತು. ಸೌತ್ ಡಕೋಟ 2023ರಲ್ಲಿ, ಮತದಾರರಾಗಲು 30 ದಿನ ರಾಜ್ಯದಲ್ಲಿ ಇದ್ದಿರಬೇಕು ಅಂತ ಕಾನೂನು ತಿದ್ದಿತು. 2024ರ ಜೂನ್ ಪ್ರೈಮರಿಯಲ್ಲಿ ಮಿನ್ನೆಹಾಹಾ ಕೌಂಟಿಯ ಒಂದೇ ಮತಗಟ್ಟೆ ವ್ಯಾಪ್ತಿಯಲ್ಲಿ ನೂರಕ್ಕೂ ಹೆಚ್ಚು ಅಂಚೆ ಮತಗಳು ಈ ವಿಳಾಸದ ತಕರಾರಿನಲ್ಲೇ ತಿರಸ್ಕೃತವಾದವು. 2025ರಲ್ಲಿ ಇನ್ನೊಂದು ಹೆಜ್ಜೆ: ರಾಜ್ಯದಲ್ಲಿ ವಾಸದ ಮನೆಯಿಲ್ಲದೆ ಅಂಚೆ ರವಾನೆ ವಿಳಾಸ ಮಾತ್ರ ಇರುವವರಿಗೆ ಫೆಡರಲ್ ಹುದ್ದೆಗಳ ಮತಪತ್ರ ಮಾತ್ರ. ಅಧ್ಯಕ್ಷ, ಸಂಸತ್ತು ಸರಿ. ಗವರ್ನರ್, ಶಾಸಕ, ಶಾಲಾ ಮಂಡಳಿ ಇಲ್ಲ.

ಸ್ಥಳೀಯರ ವಾದದಲ್ಲಿ ತೂಕ ಇಲ್ಲದಿಲ್ಲ. ಒಂದು ರಾತ್ರಿ ತಂಗಿ ಹೋದವರು ನಮ್ಮ ಶೆರಿಫ್ ಯಾರಾಗಬೇಕು, ನಮ್ಮ ಶಾಲೆಯ ತೆರಿಗೆ ಎಷ್ಟಿರಬೇಕು ಅಂತ ನಿರ್ಧರಿಸೋದು ಎಷ್ಟು ಸರಿ? ಒಂದೇ ಕಟ್ಟಡದ ವಿಳಾಸದಲ್ಲಿ ಸಾವಿರಾರು ಮತದಾರರಿದ್ದರೆ ಸಣ್ಣ ಊರಿನ ಫಲಿತಾಂಶ ಬದಲಾಗಬಹುದು. ಮತಕ್ಕೆ ಮುಂಚೆ ಒಂದಿಷ್ಟು ದಿನ ಇದ್ದಿರಬೇಕು ಅನ್ನೋದನ್ನು ಸುಪ್ರೀಂ ಕೋರ್ಟೂ ಪೂರ್ತಿ ತಳ್ಳಿಹಾಕಿಲ್ಲ. 1972ರ ಡನ್ ವರ್ಸಸ್ ಬ್ಲಮ್‌ಸ್ಟೈನ್ ತೀರ್ಪು ಒಂದು ವರ್ಷದ ಷರತ್ತನ್ನು ರದ್ದು ಮಾಡಿ, ಆಡಳಿತದ ಕೆಲಸಕ್ಕೆ 30 ದಿನ ಸಾಕು ಅಂದಿತ್ತು.

ಆದರೆ ಲೆಕ್ಕ ಎರಡೂ ಕಡೆ ಸರಿಹೋಗಬೇಕಲ್ಲ? ವಾಹನದ ತೆರಿಗೆ, ನೋಂದಣಿ ಶುಲ್ಕ, ವಿಮೆ ತೆಗೆದುಕೊಳ್ಳುವಾಗ ಇವರು ನಿವಾಸಿಗಳು. ಆ ಹಣ ಎಲ್ಲಿ ಖರ್ಚಾಗಬೇಕು ಅಂತ ನಿರ್ಧರಿಸುವ ಶಾಸಕನನ್ನು ಆರಿಸುವಾಗ ಮಾತ್ರ ಹೊರಗಿನವರು. ಸೌತ್ ಡಕೋಟದಲ್ಲಿ ಕಳೆದುಕೊಂಡ ಸ್ಥಳೀಯ ಮತ ಅವರಿಗೆ ಬೇರೆ ರಾಜ್ಯದಲ್ಲಿ ಸಿಗೋದೂ ಇಲ್ಲ. ಅಮೆರಿಕದಿಂದ ಹೊರಟು ಬೆಂಗಳೂರಿನಲ್ಲಿ ನೆಲೆಸಿದ ಅಲ್ಲಿನ ಪೌರರಿಗೆ ಕೊನೆಯದಾಗಿ ವಾಸವಿದ್ದ ರಾಜ್ಯದ ಲೆಕ್ಕದಲ್ಲಿ ಫೆಡರಲ್ ಮತ ಹಾಕುವ ಹಕ್ಕನ್ನು 1986ರ ಕಾನೂನು ಕೊಡುತ್ತೆ. ಅಂದರೆ ದೇಶದೊಳಗೇ ಇರುವ ಆರ್‌ವಿ ವಾಸಿ ಈಗ ವಿದೇಶದಲ್ಲಿರುವವರ ಸಾಲಿಗೆ ಬಂದಿದ್ದಾರೆ.

ಬೇರೆ ದಾರಿ ಇಲ್ಲ ಅಂತಲ್ಲ. ಮನೆಯಿಲ್ಲದ ಕಾರಣಕ್ಕೆ ಮತ ನಿರಾಕರಿಸುವಂತಿಲ್ಲ ಅಂತ ನ್ಯೂಯಾರ್ಕ್‌ನ ಫೆಡರಲ್ ಕೋರ್ಟ್ 1984ರಲ್ಲೇ ಹೇಳಿದೆ. ರಾಷ್ಟ್ರೀಯ ಮತದಾರ ನೋಂದಣಿ ಫಾರಂನಲ್ಲಿ ಮನೆ ಸಂಖ್ಯೆ ಇಲ್ಲದವರು ತಾವಿರುವ ಜಾಗವನ್ನು ನಕ್ಷೆ ಬರೆದು ತೋರಿಸಲು ಜಾಗ ಬಿಟ್ಟಿದ್ದಾರೆ. ಜನಗಣತಿಯವರು ಕಾಯಂ ನೆಲೆ ಇಲ್ಲದವರನ್ನು ಏಪ್ರಿಲ್ 1ರಂದು ಎಲ್ಲಿದ್ದಾರೋ ಅಲ್ಲೇ ಎಣಿಸುತ್ತಾರೆ. ಎಣಿಸೋಕೆ ಆಗುತ್ತೆ ಅಂದಮೇಲೆ ಮತಕ್ಕೆ ಯಾಕೆ ಆಗಲ್ಲ?

ಈ ಪ್ರಶ್ನೆ ನಮಗೂ ದೂರದ್ದಲ್ಲ. ನಮ್ಮ 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆ ಕೇಳೋದು 'ಸಾಮಾನ್ಯ ನಿವಾಸಿ'ಯನ್ನು. ಮನೆ ಇದೆ ಅನ್ನೋ ಕಾರಣಕ್ಕಷ್ಟೇ ಯಾರೂ ಸಾಮಾನ್ಯ ನಿವಾಸಿ ಆಗಲ್ಲ ಅಂತಲೂ ಅದು ಹೇಳುತ್ತೆ. ಸೂರಿಲ್ಲದವರು ಅರ್ಜಿ ಹಾಕಿದರೆ ಬೂತ್ ಮಟ್ಟದ ಅಧಿಕಾರಿ ರಾತ್ರಿ ಹೊತ್ತು ಹೋಗಿ, ಅವರು ಅಲ್ಲೇ ಮಲಗುತ್ತಾರಾ ಅಂತ ನೋಡಬೇಕು ಅನ್ನೋದು ಚುನಾವಣಾ ಆಯೋಗದ ಸೂಚನೆ. ಕಾಗದದ ಮೇಲೆ ಇದು ಅಮೆರಿಕಕ್ಕಿಂತ ಉದಾರ. ಡೇರೆ ಹಾಕಿ ಊರೂರು ತಿರುಗುವ ಅಲೆಮಾರಿ ಸಮುದಾಯಗಳನ್ನು ಕೇಳಿದರೆ, ಆ ಅಧಿಕಾರಿ ನಿಜಕ್ಕೂ ಬರ್ತಾರಾ ಅನ್ನೋದು ಗೊತ್ತಾಗುತ್ತೆ. ನಿಮ್ಮ ಬೂತ್‌ನಲ್ಲಿ ಬಂದಿದ್ದಾರಾ, ಮುಂದಿನ ಸಲ ಪಟ್ಟಿ ಪರಿಷ್ಕರಣೆ ನಡೆದಾಗ ಕೇಳಿ ನೋಡಿ.