ಗುರುತು ಕಳ್ಳತನ: ಜೆರಾಕ್ಸ್, ಸಿಮ್, ಹೆಬ್ಬೆರಳು – ಎಲ್ಲೆಲ್ಲಿ ಜಾಗ್ರತೆ ಬೇಕು?

ಒಬ್ಬರ ಆಧಾರ್, ಪಾನ್, ಬೆರಳಚ್ಚು ಅಥವಾ ಪಾಸ್‌ವರ್ಡ್ ಹಿಡಿದುಕೊಂಡು ಇನ್ನೊಬ್ಬ ಅವರ ಹೆಸರಿನಲ್ಲಿ ಹಣ, ಸಾಲ, ಸಿಮ್ ಪಡೆಯುವುದೇ ಗುರುತು ಕಳ್ಳತನ. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ ಪ್ರಕಾರ ಇದಕ್ಕೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಕಾನೂನು ಇದೆ ನಿಜ, ಹೋದ ಹಣ ಮರಳಿ ಬರುವುದು ಬೇರೆಯೇ ಮಾತು. ಕಳ್ಳನಿಗೆ ದೊಡ್ಡ ಕಂಪ್ಯೂಟರ್ ವಿದ್ಯೆಯೂ ಬೇಡ. ಹೆಚ್ಚಿನ ಸಲ ಜನ ಕೈಯಾರೆ ಕೊಟ್ಟ ಕಾಗದವೇ ಅವನಿಗೆ ಸಾಕಾಗುತ್ತದೆ.

ಕರಾವಳಿಯವರಿಗೆ ಇದರ ಬಿಸಿ ತಟ್ಟಿದ್ದು 2023ರಲ್ಲಿ. ಮಂಗಳೂರು ಕಡೆ ಜಾಗ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ ಹಣ ಹೋಯಿತು. ಒಟಿಪಿ ಬಂದಿರಲಿಲ್ಲ, ಯಾರಿಗೂ ಪಿನ್ ಹೇಳಿರಲಿಲ್ಲ. ಆಧಾರ್ ಆಧಾರಿತ ಪಾವತಿ ವ್ಯವಸ್ಥೆ, ಅಂದರೆ ಎಇಪಿಎಸ್‌ನಲ್ಲಿ, ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಇದ್ದರೆ ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ನೋಂದಣಿ ಪತ್ರದಲ್ಲಿ ಹೆಬ್ಬೆರಳಿನ ಗುರುತೂ ಇರುತ್ತದೆ, ಆಧಾರ್ ಸಂಖ್ಯೆಯೂ ಇರುತ್ತದೆ. ಅದರ ಪ್ರತಿ ಸಿಕ್ಕಿದವನು ನಕಲಿ ಬೆರಳು ತಯಾರಿಸಿಕೊಳ್ಳುತ್ತಾನೆ. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯಲ್ಲಿ ಮನೆ ಈಚೆ, ಬ್ಯಾಂಕು ಮತ್ತು ಜಾಗ ಆಚೆ ಇರುವ ಕುಟುಂಬಗಳು ಎಷ್ಟೋ ಇವೆ. ಅವರು ಇದನ್ನು ‘ಕರ್ನಾಟಕದ ಸುದ್ದಿ’ ಎಂದು ಬದಿಗಿಡುವ ಹಾಗಿಲ್ಲ.

ಪರಿಹಾರ ಸುಲಭ, ಖರ್ಚೂ ಇಲ್ಲ. ಎಂಆಧಾರ್ ಆ್ಯಪ್‌ನಲ್ಲಿ ಅಥವಾ ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಬಹುದು. ಲಾಕ್ ಇದ್ದಷ್ಟು ದಿನ ಬೆರಳು ಒತ್ತಿ ಹಣ ತೆಗೆಯಲು ಆಗುವುದಿಲ್ಲ. ರೇಷನ್ ಅಂಗಡಿಯಲ್ಲೋ ಸಿಮ್ ತೆಗೆದುಕೊಳ್ಳುವಾಗಲೋ ಬೆರಳು ಕೊಡಬೇಕಾದರೆ ಸ್ವಲ್ಪ ಹೊತ್ತಿಗೆ ತೆರೆದರೆ ಆಯಿತು. ಆದರೆ ಲಾಕ್ ಹಾಕಲು ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಬೇಕು.

ಗಲ್ಫ್ ಮನೆಗಳು ಎಡವುವುದು ಇಲ್ಲಿಯೇ. ದುಬೈಗೋ ದಮ್ಮಾಮಿಗೋ ಹೋದ ಮೇಲೆ ಊರಿನ ಸಿಮ್‌ಗೆ ರೀಚಾರ್ಜ್ ಮಾಡುವವರಿಲ್ಲ. ನಂಬರ್ ಸ್ಥಗಿತವಾಗಿ ಕನಿಷ್ಠ 90 ದಿನ ಕಳೆದ ಮೇಲೆ ಕಂಪೆನಿ ಅದನ್ನು ಬೇರೆಯವರಿಗೆ ಕೊಡಬಹುದು. ಅಲ್ಲಿಂದ ಮುಂದೆ ಬ್ಯಾಂಕಿನ ಒಟಿಪಿ, ಆಧಾರ್ ಒಟಿಪಿ ಎಲ್ಲ ಆ ಅಪರಿಚಿತನ ಫೋನಿಗೆ. ಹೊರಡುವ ಮುಂಚೆ ಒಂದೋ ಸಿಮ್ ಚಾಲ್ತಿಯಲ್ಲಿಡುವ ವ್ಯವಸ್ಥೆ ಮಾಡಬೇಕು, ಇಲ್ಲವೇ ಬ್ಯಾಂಕು ಮತ್ತು ಆಧಾರ್‌ನಲ್ಲಿ ನಂಬರ್ ಬದಲಾಯಿಸಬೇಕು. ವೀಸಾ, ಟಿಕೆಟ್ ಅಂತ ಓಡಾಡುವ ಗಡಿಬಿಡಿಯಲ್ಲಿ ಮೊದಲು ಮರೆತುಹೋಗುವುದು ಇದೇ.

ಜೆರಾಕ್ಸ್ ವಿಷಯದಲ್ಲಿ 2022ರ ಮೇ ತಿಂಗಳಲ್ಲಿ ಒಂದು ತಮಾಷೆ ನಡೆಯಿತು. ಆಧಾರ್ ಪ್ರತಿಯನ್ನು ಎಲ್ಲರಿಗೂ ಕೊಡಬೇಡಿ ಎಂದು ಪ್ರಾಧಿಕಾರದ ಬೆಂಗಳೂರು ಕಚೇರಿ ಪ್ರಕಟಣೆ ಹೊರಡಿಸಿತು. ಎರಡೇ ದಿನದಲ್ಲಿ ಸರಕಾರ ಅದನ್ನು ಹಿಂದಕ್ಕೆ ಪಡೆಯಿತು. ಪ್ರಕಟಣೆ ಹೋದರೂ ಮಾಸ್ಕ್ಡ್ ಆಧಾರ್ ಸೌಲಭ್ಯ ಇದ್ದೇ ಇದೆ. ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ. ಲಾಡ್ಜ್‌ಗೆ, ಬಾಡಿಗೆ ಮನೆಗೆ ಅಷ್ಟು ಸಾಕು. ಪ್ರತಿಯ ಮೇಲೆ ಯಾವ ಕೆಲಸಕ್ಕೆ, ಯಾವ ತಾರೀಕು ಎಂದು ಅಡ್ಡಲಾಗಿ ಬರೆದು ಕೊಡುವುದೂ ಒಳ್ಳೆಯದು. ಜೆರಾಕ್ಸ್ ಅಂಗಡಿಯವರ ವಾಟ್ಸ್‌ಆ್ಯಪ್‌ಗೆ ಪಾಸ್‌ಪೋರ್ಟ್ ಕಳಿಸಿ ಪ್ರಿಂಟ್ ತೆಗೆಸುವ ರೂಢಿ ಈಗ ಎಲ್ಲ ಕಡೆ ಇದೆ. ನಮ್ಮ ಫೋನಿನಲ್ಲಿ ಅಳಿಸಿದರೆ ಮುಗಿಯಲಿಲ್ಲ, ಅಂಗಡಿಯ ಕಂಪ್ಯೂಟರಿನಲ್ಲೂ ಎದುರಲ್ಲೇ ಅಳಿಸಿಸಬೇಕು.

ಸಿಮ್ ಮಾರುವವನು ‘ಬೆರಳು ಸರಿ ಬರಲಿಲ್ಲ, ಇನ್ನೊಮ್ಮೆ ಒತ್ತಿ’ ಎಂದರೆ ಎರಡನೇ ಸಿಮ್ ಅವನ ಜೇಬಿಗೆ ಹೋಗಿರಲೂಬಹುದು. ಸಂಚಾರ್ ಸಾಥಿ ಜಾಲತಾಣದಲ್ಲಿ ತಮ್ಮ ಹೆಸರಿನಲ್ಲಿ ಎಷ್ಟು ನಂಬರ್ ಇವೆ ಎಂದು ನೋಡಿ, ತಮ್ಮದಲ್ಲದ್ದನ್ನು ಅಲ್ಲೇ ತಿಳಿಸಬಹುದು. ವ್ಯಾಪಾರಿಗಳು ಇನ್ನೊಂದು ಕಡೆ ಇಣುಕಿ ನೋಡಬೇಕು: ಜಿಎಸ್‌ಟಿ ಜಾಲತಾಣದಲ್ಲಿ ಪಾನ್ ಸಂಖ್ಯೆ ಹಾಕಿ ಹುಡುಕಿದರೆ ಅದರ ಮೇಲೆ ಯಾವ ಯಾವ ನೋಂದಣಿ ಆಗಿದೆ ಎಂದು ಗೊತ್ತಾಗುತ್ತದೆ. ಗೊತ್ತಿಲ್ಲದ ಕಂಪೆನಿಯ ತೆರಿಗೆ ನೋಟಿಸು ಮನೆಗೆ ಬಂದ ಮೇಲೆ ಓಡಾಡುವುದಕ್ಕಿಂತ ಇದು ಎರಡು ನಿಮಿಷದ ಕೆಲಸ. ಪಾನ್ ಬಳಸಿ ಯಾರಾದರೂ ಸಾಲ ತೆಗೆದಿದ್ದರೆ ಸಿಬಿಲ್ ವರದಿಯಲ್ಲಿ ಕಾಣುತ್ತದೆ. ವರ್ಷಕ್ಕೊಂದು ಪೂರ್ಣ ವರದಿ ಉಚಿತ.

ಕಾಲೇಜು ಹುಡುಗರ ವಿಷಯ ಬೇರೆ. ಅವರಲ್ಲಿ ಕೆಲವರು ಕಮಿಷನ್ ಆಸೆಗೆ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಸಮೇತ ಖಾತೆಯನ್ನೇ ಬಾಡಿಗೆಗೆ ಕೊಡುತ್ತಾರೆ. ಇದನ್ನು ಕಳ್ಳತನ ಅನ್ನಲೂ ಆಗದು, ಕಳ್ಳನಿಗೆ ಬಾಗಿಲು ತೆರೆದುಕೊಟ್ಟ ಹಾಗೆ. ವಂಚನೆಯ ಹಣ ಆ ಖಾತೆಗೆ ಬಂದರೆ ಖಾತೆ ಸ್ಥಗಿತವಾಗುತ್ತದೆ, ಪೊಲೀಸರು ಮೊದಲು ಹುಡುಕಿ ಬರುವುದು ಖಾತೆದಾರನನ್ನೇ. ಅಂಥವನ ಪಾಸ್‌ಪೋರ್ಟ್, ಗಲ್ಫ್ ಕೆಲಸ ಎರಡಕ್ಕೂ ಅಲ್ಲಿಗೆ ತೊಡಕು. ‘ಬರೀ ಖಾತೆ ಕೊಟ್ಟದ್ದು’ ಎಂಬ ಮಾತನ್ನು ಠಾಣೆಯಲ್ಲಿ ಯಾರೂ ಕೇಳುವುದಿಲ್ಲ.

ಹಣ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಬೇಕು. ದೇಶದಲ್ಲೆಲ್ಲ ಇದೇ ನಂಬರ್, ಖಾತೆ ಕೇರಳದ್ದೋ ಕರ್ನಾಟಕದ್ದೋ ಎಂಬ ಯೋಚನೆ ಬೇಡ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟಿ ಹೋಗುತ್ತದೆ. ಜೊತೆಗೆ ಬ್ಯಾಂಕಿಗೂ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯಂತೆ, ತಪ್ಪು ಗ್ರಾಹಕನದ್ದೂ ಅಲ್ಲ, ಬ್ಯಾಂಕಿನದ್ದೂ ಅಲ್ಲ ಎಂಬಂಥ ಪ್ರಕರಣದಲ್ಲಿ, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕನ ಮೇಲೆ ಬೀಳುವುದಿಲ್ಲ. ಆದ್ದರಿಂದ ಉಮ್ಮನ ಖಾತೆಯ ಸಂದೇಶಗಳು ಯಾವ ಫೋನಿಗೆ ಬರುತ್ತಿವೆ, ಅದನ್ನು ಓದುವವರು ಮನೆಯಲ್ಲಿ ಯಾರಿದ್ದಾರೆ ಎಂದು ಮಕ್ಕಳು ಇವತ್ತೇ ವಿಚಾರಿಸಬೇಕು.