ಯಳಂದೂರು ಸೀಮೆ: ಬಯಲಿನ ಊರುಗಳು, ಬೆಟ್ಟದ ಪೋಡುಗಳು ಮತ್ತು ಆರೋಗ್ಯ ಸೇವೆ

ಚಾಮರಾಜನಗರ ಜಿಲ್ಲೆಯ ತಾಲ್ಲೂಕುಗಳಲ್ಲಿ ಯಳಂದೂರು ಅತ್ಯಂತ ಚಿಕ್ಕದು. ಆದರೆ ಈ ಚಿಕ್ಕ ಸೀಮೆಯೊಳಗೇ ಒಂದಕ್ಕೊಂದು ಹೋಲಿಕೆಯಿಲ್ಲದ ಎರಡು ಲೋಕಗಳು ಸೇರಿಕೊಂಡಿವೆ. ಸುವರ್ಣಾವತಿ ಹೊಳೆ ಹರಿಯುವ ಬಯಲಿನಲ್ಲಿ ಭತ್ತದ ಗದ್ದೆಗಳೂ ಹಿಪ್ಪುನೇರಳೆ ತೋಟಗಳೂ ಒತ್ತಾಗಿ ನೆಲೆಸಿದ ಊರುಗಳೂ ಇದ್ದರೆ, ತಾಲ್ಲೂಕಿನ ಇನ್ನೊಂದು ಮಗ್ಗುಲಲ್ಲಿ ಪಶ್ಚಿಮಘಟ್ಟ ಮತ್ತು ಪೂರ್ವಘಟ್ಟಗಳನ್ನು ಕೂಡಿಸುವ ಬಿಳಿಗಿರಿರಂಗನ ಬೆಟ್ಟಸಾಲು ಏಳುತ್ತದೆ. ಹದಿನಾಡು ಎಂದು ಹೆಸರಾಗಿದ್ದ ಈ ಪ್ರದೇಶದ ಪಾಳೆಯಗಾರರ ರಾಜಧಾನಿ ಯಳಂದೂರು. ಅವರ ಕಾಲದ ಗೌರೀಶ್ವರ ದೇವಾಲಯ ಮತ್ತು ಅದರ ಮುಂದಿನ ಬಳೆಮಂಟಪ ಇಂದಿಗೂ ಊರಿನ ಗುರುತು. ಚಿಕ್ಕದೇವರಾಜ ಒಡೆಯರ ಮಂತ್ರಿ ವಿಶಾಲಾಕ್ಷ ಪಂಡಿತನೂ ‘ಹದಿಬದೆಯ ಧರ್ಮ’ವನ್ನು ಬರೆದ ಸಂಚಿಯ ಹೊನ್ನಮ್ಮನೂ ಈ ಊರಿನವರು. 1807ರಲ್ಲಿ ಮೈಸೂರು ಅರಸರು ಇದನ್ನು ದಿವಾನ್ ಪೂರ್ಣಯ್ಯನಿಗೆ ಜಹಗೀರಾಗಿ, ಅಂದರೆ ಕಂದಾಯದ ಹಕ್ಕಿನೊಡನೆ ವಂಶಪಾರಂಪರ್ಯವಾಗಿ, ಬಿಟ್ಟುಕೊಟ್ಟರು. ಊರಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತಾರೆ. ಆದರೆ ಕಳೆದ ನಾಲ್ಕೂವರೆ ದಶಕಗಳಲ್ಲಿ ಯಳಂದೂರಿನ ಹೆಸರು ಹೊರಗಿನ ಲೋಕಕ್ಕೆ ತಲುಪಿದ್ದು ಶಾಸನಗಳಿಂದಲೂ ಅಲ್ಲ, ಕಾವ್ಯದಿಂದಲೂ ಅಲ್ಲ. ಇಲ್ಲಿನ ಜನರ ಕಾಯಿಲೆಗಳು ಮತ್ತು ಅವುಗಳ ಬೆನ್ನುಹತ್ತಿ ಮನೆಬಾಗಿಲಿಗೆ ಹೋದ ವೈದ್ಯಕೀಯದಿಂದ.

ಬೆಟ್ಟದ ಮೂಲನಿವಾಸಿಗಳು ಸೋಲಿಗರು. ಅವರ ಚಿಕ್ಕ ಚಿಕ್ಕ ವಸತಿಗಳಿಗೆ ಪೋಡು ಎಂದು ಹೆಸರು. ಪುರಾಣಿ ಪೋಡು, ಕಲ್ಯಾಣಿ ಪೋಡು, ಬಂಗ್ಲೆ ಪೋಡು, ಯರಕನಗದ್ದೆ, ಮುತ್ತುಗದಗದ್ದೆ ಮೊದಲಾದವು ಕಾಡಿನ ನಡುವೆ ಒಂದಕ್ಕೊಂದು ದೂರದೂರವಾಗಿ ಹರಡಿಕೊಂಡಿವೆ. ಸಮುದಾಯ ಐದು ಕುಲಗಳಾಗಿ ವಿಂಗಡಗೊಂಡಿದ್ದು, ಒಂದೇ ಕುಲದೊಳಗೆ ಮದುವೆ ನಿಷಿದ್ಧ. ಪೋಡಿನ ವ್ಯವಹಾರವನ್ನು ಯಜಮಾನ ಮತ್ತು ಅವನಿಗೆ ನೆರವಾಗುವ ಹಿರಿಯರು ನಡೆಸುತ್ತಾರೆ. ಬೆಟ್ಟದ ರಂಗನಾಥ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದನೆಂಬ ಕಥೆಯಿಂದಾಗಿ ದೇವರು ಅವರಿಗೆ ‘ಭಾವ’. ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆ ಮರವೂ ಅವರ ಆರಾಧನೆಯ ನೆಲೆ. ಕಾಡನ್ನು ಸ್ವಲ್ಪ ಸವರಿ, ಸುಟ್ಟು, ರಾಗಿ, ಅವರೆ, ಜೋಳ, ಕುಂಬಳಗಳನ್ನು ಒಟ್ಟಿಗೆ ಬೆಳೆದು, ಕೆಲವು ವರ್ಷಗಳಾದ ಮೇಲೆ ಆ ನೆಲವನ್ನು ಬಿಟ್ಟು ಮುಂದಕ್ಕೆ ಹೋಗುವ ಕೃಷಿಯೇ ಅವರ ಬದುಕಿಗೆ ಆಧಾರವಾಗಿತ್ತು. ಅದರ ಜೊತೆಗೆ ಗೆಡ್ಡೆ, ಸೊಪ್ಪು, ಅಣಬೆ, ಜೇನು. 1974ರಲ್ಲಿ ಈ ಕಾಡು ವನ್ಯಜೀವಿಧಾಮವಾದಾಗ ಅಲೆಮಾರಿ ಬೇಸಾಯ ನಿಂತುಹೋಯಿತು, ಬೇಟೆ ಅಪರಾಧವಾಯಿತು, ಒಳಗಾಡಿನ ಹಲವು ಪೋಡುಗಳನ್ನು ರಸ್ತೆಯ ಬದಿಗೆ ತಂದು ನೆಲೆಗೊಳಿಸಲಾಯಿತು. ಸೋಲಿಗರ ಆರೋಗ್ಯದ ವಿಷಯದಲ್ಲಿ ಮುಂದೆ ಬರೆಯಲಾದ ಎಲ್ಲ ವರದಿಗಳ ಹಿನ್ನೆಲೆಯಲ್ಲೂ ಈ ಸ್ಥಳಾಂತರ ಇದೆ, ಅದನ್ನು ಅವು ಹೇಳಲಿ, ಬಿಡಲಿ.

ಬೆಂಗಳೂರು ವೈದ್ಯಕೀಯ ಕಾಲೇಜಿನಲ್ಲಿ ಓದಿ, ರಾಮಕೃಷ್ಣ ಆಶ್ರಮದ ಸೇವಾಕಾರ್ಯದಲ್ಲಿ ತೊಡಗಿದ್ದ ಡಾ. ಎಚ್. ಸುದರ್ಶನ್ 1980ರ ಸುಮಾರಿಗೆ ಬೆಟ್ಟಕ್ಕೆ ಬಂದು ನೆಲೆಸಿದರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸ್ಥಾಪನೆಯಾಯಿತು. ಆರಂಭದ ಕೆಲಸವೆಂದರೆ ಗುಡಿಸಲಿನಿಂದ ಗುಡಿಸಲಿಗೆ ನಡೆದು ಹೋಗಿ ಹಾವು ಕಚ್ಚಿದವರಿಗೆ, ಕರಡಿ ಹರಿದವರಿಗೆ, ಜ್ವರ ಬಂದವರಿಗೆ ಔಷಧ ಕೊಡುವುದಾಗಿತ್ತು. ಹೆಜ್ಜೇನು ಕೀಳಲು ಎತ್ತರದ ಮರ ಹತ್ತಿ ಬಿದ್ದವರನ್ನೂ ಈ ಪಟ್ಟಿಗೆ ಸೇರಿಸಬೇಕು. ಚಿಕಿತ್ಸೆಯಷ್ಟರಿಂದಲೇ ಕೆಲಸ ಸಾಗದೆಂಬುದು ಬೇಗನೆ ಸ್ಪಷ್ಟವಾದ್ದರಿಂದ ಶಾಲೆ, ಕೌಶಲ ತರಬೇತಿ, ಸೋಲಿಗರ ಸಂಘಟನೆ ಎಲ್ಲವೂ ಆಸ್ಪತ್ರೆಯ ಸುತ್ತಲೇ ಬೆಳೆದವು. 1994ರಲ್ಲಿ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ 2000ದಲ್ಲಿ ಪದ್ಮಶ್ರೀಯೂ ಸುದರ್ಶನ್ ಅವರಿಗೆ ಸಂದವು. ಆದರೆ ಪ್ರಶಸ್ತಿಗಳಿಗಿಂತ ಈ ಕೆಲಸದ ಗುಣ ಹೆಚ್ಚು ಕಾಣುವುದು ಹೆರಿಗೆಯಂಥ ಸಾಮಾನ್ಯ ಸಂಗತಿಯಲ್ಲಿ.

ಸೋಲಿಗ ಹೆಂಗಸರು ಅನುಭವಿ ಮುದುಕಿಯರ ಆಸರೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಹೆರುತ್ತಿದ್ದರು. ಮಲಗಿಸಿ ಹೆರಿಗೆ ಮಾಡಿಸುವುದು ವೈದ್ಯರಿಗೆ ಅನುಕೂಲವೇ ಹೊರತು ಬಸುರಿಗಲ್ಲ. ಕೂತ ಭಂಗಿಯಲ್ಲಿ ಮಗುವಿನ ಭಾರವೇ ಅದನ್ನು ಕೆಳಕ್ಕೆ ತರಲು ನೆರವಾಗುತ್ತದೆ. ಈ ಪದ್ಧತಿಯನ್ನು ಮೂಢನಂಬಿಕೆಯೆಂದು ತಳ್ಳಿಹಾಕದೆ, ಸೂಲಗಿತ್ತಿಯರಿಗೆ ಶುಚಿಯಾದ ಕೈ, ಕುದಿಸಿದ ದಾರ, ಹೊಸ ಬ್ಲೇಡು ಇಷ್ಟನ್ನು ಕಲಿಸಿ, ಯಾವ ಹೆರಿಗೆ ಕಠಿಣವಾದೀತೆಂದು ಮೊದಲೇ ಗುರುತಿಸುವ ಲಕ್ಷಣಗಳನ್ನು ತಿಳಿಸಿಕೊಡುವುದು ಜಾಣತನದ ದಾರಿಯಾಗಿತ್ತು. ಅದರ ಜೊತೆಗೆ ಸೋಲಿಗರ ಹೆಣ್ಣುಮಕ್ಕಳಿಗೇ ಕಿರಿಯ ಆರೋಗ್ಯ ಸಹಾಯಕಿಯರಾಗಿ, ಅಂದರೆ ಉಪಕೇಂದ್ರದಲ್ಲಿದ್ದುಕೊಂಡು ಬಾಣಂತಿ, ಮಗು, ಲಸಿಕೆಗಳ ಕೆಲಸ ನೋಡುವ ‘ನರ್ಸಮ್ಮ’ರಾಗಿ, ತರಬೇತಿ ನೀಡಲಾಯಿತು. ಹೊರಗಿನಿಂದ ನೇಮಕಗೊಂಡವರು ವರ್ಗಾವಣೆಯ ದಾರಿ ಕಾಯುತ್ತಿದ್ದ ಜಾಗದಲ್ಲಿ, ಪೋಡಿನ ಮಾತು ಬಲ್ಲ, ಯಾರ ಮನೆಯ ಸೊಸೆ ಯಾವ ತಿಂಗಳಲ್ಲಿದ್ದಾಳೆಂದು ಕೇಳದೆಯೇ ತಿಳಿದಿರುವ ಹುಡುಗಿಯೊಬ್ಬಳಿದ್ದರೆ ಆಗುವ ವ್ಯತ್ಯಾಸ ಅಂಕಿಅಂಶಗಳಲ್ಲಿ ಪೂರ್ತಿಯಾಗಿ ಹಿಡಿದುಕೊಳ್ಳುವಂಥದ್ದಲ್ಲ.

ಬೆಟ್ಟದಲ್ಲಿ ಆರಂಭವಾದ ಕೆಲಸ ಬಯಲಿಗೆ ಇಳಿದದ್ದು ಕುಷ್ಠರೋಗದ ಕಾರಣದಿಂದ. ಈ ಸೀಮೆಯ ಆಡುಮಾತಿನಲ್ಲಿ ‘ದೊಡ್ಡರೋಗ’ ಎನಿಸಿಕೊಂಡಿದ್ದ ಇದು ಚರ್ಮವನ್ನೂ ನರಗಳನ್ನೂ ನಿಧಾನವಾಗಿ ಆಕ್ರಮಿಸುವ ಸೂಕ್ಷ್ಮಾಣುವಿನಿಂದ ಬರುತ್ತದೆ. ಸೋಂಕು ತಗುಲಿದ ಎಷ್ಟೋ ವರ್ಷಗಳ ನಂತರ ಲಕ್ಷಣ ಕಾಣಿಸಿಕೊಳ್ಳುವುದರಿಂದ ರೋಗಿಗೆ ಅದರ ಮೂಲ ತಿಳಿಯುವುದೇ ಇಲ್ಲ. 1986ರಲ್ಲಿ ಸುದರ್ಶನ್ ಅವರ ಕರುಣಾ ಟ್ರಸ್ಟ್ ಹುಟ್ಟಿದ್ದು ಯಳಂದೂರು ತಾಲ್ಲೂಕಿನ ಈ ರೋಗವನ್ನು ಎದುರಿಸಲೆಂದೇ. ಟ್ರಸ್ಟಿನ ದಾಖಲೆಗಳ ಪ್ರಕಾರ 1987ರಲ್ಲಿ ಇಲ್ಲಿ ಸಾವಿರ ಮಂದಿಗೆ 21ಕ್ಕೂ ಹೆಚ್ಚು ಕುಷ್ಠರೋಗಿಗಳಿದ್ದರು. ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆಯಾದಾಗ ಮಾತ್ರ ರೋಗ ನಿವಾರಣೆಯಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಿಡಿಯುತ್ತದೆಂಬುದನ್ನು ನೆನೆದರೆ ಪರಿಸ್ಥಿತಿಯ ತೀವ್ರತೆ ಗೊತ್ತಾಗುತ್ತದೆ.

ಪತ್ತೆಯ ಕ್ರಮ ಬಲು ಸರಳ. ಹಗಲು ಬೆಳಕಿನಲ್ಲಿ ಮೈಮೇಲಿನ ಮಾಸಲು ಮಚ್ಚೆಗಳನ್ನು ನೋಡಿ, ರೋಗಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಹೊಸೆದ ಹತ್ತಿಯ ತುದಿಯನ್ನು ಮಚ್ಚೆಗೆ ಮುಟ್ಟಿಸಲಾಗುತ್ತದೆ. ಮುಟ್ಟಿದ ಜಾಗವನ್ನು ಬೆರಳಿಟ್ಟು ತೋರಿಸಲಾಗದಿದ್ದರೆ ಆ ಚರ್ಮದ ಅರಿವು ಹೋಗಿದೆ ಎಂದರ್ಥ. ಪರೀಕ್ಷೆ ಕಷ್ಟದ್ದಲ್ಲ, ಅಂಗಿ ಬಿಚ್ಚಿ ನಿಲ್ಲುವಂತೆ ಒಪ್ಪಿಸುವುದು ಕಷ್ಟ. ಮನೆಯ ಹೆಣ್ಣಿಗೆ ಮಚ್ಚೆಯಿದೆಯೆಂದು ಗೊತ್ತಾದರೆ ಆಕೆಯ ತಂಗಿಯ ಮದುವೆಯೂ ನಿಲ್ಲುವ ಸಮಾಜದಲ್ಲಿ, ಕುಷ್ಠರೋಗವೊಂದನ್ನೇ ಹುಡುಕಿಕೊಂಡು ಹೋಗುವವರಿಗೆ ಬಾಗಿಲು ಮುಚ್ಚುವುದು ಸಹಜ. ಆದ್ದರಿಂದ ಎಲ್ಲ ಬಗೆಯ ಚರ್ಮರೋಗಗಳಿಗೂ ಸಾಮಾನ್ಯ ಕಾಯಿಲೆಗಳಿಗೂ ಮದ್ದು ಕೊಡುವವರಾಗಿ ಹೋಗುವುದೇ ಸರಿಯಾದ ಕ್ರಮವಾಯಿತು. ಎರಡು ಅಥವಾ ಮೂರು ಔಷಧಗಳನ್ನು ಒಟ್ಟಿಗೆ ಕೊಡುವ ಬಹುಔಷಧ ಚಿಕಿತ್ಸೆ 1980ರ ದಶಕದಲ್ಲಿ ಬಂದುದು ಈ ಕೆಲಸಕ್ಕೆ ದೊಡ್ಡ ಬಲ ಕೊಟ್ಟಿತು, ಏಕೆಂದರೆ ಜೀವನಪೂರ್ತಿ ಗುಳಿಗೆ ನುಂಗಬೇಕಿದ್ದವರು ಆರು ತಿಂಗಳಲ್ಲೋ ಒಂದೆರಡು ವರ್ಷಗಳಲ್ಲೋ ಗುಣವಾಗತೊಡಗಿದರು. ಇಪ್ಪತ್ತು ವರ್ಷಗಳೊಳಗೆ ತಾಲ್ಲೂಕಿನಲ್ಲಿ ರೋಗ ಹಿಂದಿನ ಪ್ರಮಾಣದ ಒಂದು ಚಿಕ್ಕ ಪಾಲಿಗೆ ಇಳಿದಿತ್ತು.

ಮೂರ್ಛೆರೋಗದ ಅಧ್ಯಯನ ಯಳಂದೂರಿಗೆ ಇನ್ನೊಂದು ಬಗೆಯ ಹೆಸರು ತಂದಿತು. ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಅವರ ಸಂಗಡಿಗರು ಈ ಸೀಮೆಯ ಅರುವತ್ತು ಸಾವಿರಕ್ಕೂ ಹೆಚ್ಚು ಜನರ ನಡುವೆ ಮನೆಮನೆ ಸಮೀಕ್ಷೆ ನಡೆಸಿ ಸಾವಿರಕ್ಕೆ ನಾಲ್ಕೈದು ಮಂದಿಗೆ ಮೂರ್ಛೆರೋಗವಿದೆಯೆಂದು 1998ರಲ್ಲಿ ಪ್ರಕಟಿಸಿದರು. ಫೆನೊಬಾರ್ಬಿಟಾಲ್ ಮತ್ತು ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಗುಳಿಗೆಗಳಿಂದಲೇ ಹಳ್ಳಿಯ ಮಟ್ಟದಲ್ಲಿ ಬಹುಮಂದಿಯ ರೋಗವನ್ನು ಹತೋಟಿಗೆ ತರಬಹುದೆಂದು ತೋರಿಸಿದ ಬರಹ 2001ರಲ್ಲಿ ‘ದಿ ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದು, ‘ಯಳಂದೂರು ಅಧ್ಯಯನ’ ಎಂಬ ಹೆಸರಿನಿಂದಲೇ ಪ್ರಸಿದ್ಧವಾಯಿತು. ಕೈಗೆ ಬೀಗದ ಕೈ ಹಿಡಿಸುವ, ಮೂಗಿಗೆ ಈರುಳ್ಳಿ ಹಿಂಡುವ ಉಪಚಾರಗಳ ಜಾಗಕ್ಕೆ ದಿನಕ್ಕೊಂದೆರಡು ಗುಳಿಗೆ ಬರುವುದು ಚಿಕ್ಕ ಬದಲಾವಣೆಯಲ್ಲ. ಇಲ್ಲಿನ ಮೂರ್ಛೆರೋಗದಲ್ಲಿ ಹಳೆ ಮೈಸೂರು ಸೀಮೆಯಲ್ಲಿ ಹೆಚ್ಚಾಗಿ ಕಾಣುವ ಒಂದು ಬಗೆಯೂ ಇದೆ: ಬಿಸಿನೀರಿನ ಮೂರ್ಛೆ. ಹಂಡೆಯಲ್ಲಿ ಚೆನ್ನಾಗಿ ಕಾದ ನೀರನ್ನು ಚೊಂಬಿನಲ್ಲಿ ಮೊಗೆದು ಒಂದರ ಹಿಂದೊಂದರಂತೆ ನೆತ್ತಿಯ ಮೇಲೆ ಸುರಿದುಕೊಳ್ಳುವಾಗ, ಅದರಲ್ಲೂ ತಲೆಸ್ನಾನದ ದಿನ, ಕೆಲವರಿಗೆ ಫಿಟ್ಸ್ ಬರುತ್ತದೆ. ನೀರಿನ ಬಿಸಿಯನ್ನು ತಗ್ಗಿಸುವುದು, ಮೊದಲು ಮೈಗೆ ಹಾಕಿಕೊಂಡು ಆಮೇಲೆ ತಲೆಗೆ ಹಾಕಿಕೊಳ್ಳುವುದು, ಬೇಕಾದರೆ ಸ್ನಾನಕ್ಕೆ ಮುಂಚೆ ಗುಳಿಗೆ ತೆಗೆದುಕೊಳ್ಳುವುದು ಇದಕ್ಕೆ ಪರಿಹಾರ. ಬಚ್ಚಲುಮನೆಯ ಅಭ್ಯಾಸವನ್ನು ವಿಚಾರಿಸದ ವೈದ್ಯರಿಗೆ ಈ ರೋಗ ಕಣ್ಣಿಗೇ ಬೀಳುವುದಿಲ್ಲ.

ಯಳಂದೂರಿನಿಂದ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ, ಕಾಡು ಆರಂಭವಾಗುವ ಅಂಚಿನಲ್ಲಿರುವ ಊರು ಗುಂಬಳ್ಳಿ. 1996ರಲ್ಲಿ ರಾಜ್ಯ ಸರ್ಕಾರ ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯನ್ನು ಕರುಣಾ ಟ್ರಸ್ಟಿಗೆ ವಹಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರವೆಂದರೆ ಬಯಲುಸೀಮೆಯಲ್ಲಿ 30,000, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ 20,000 ಜನರಿಗೆ ಒಂದರಂತೆ ಸರ್ಕಾರ ತೆರೆಯುವ ಆಸ್ಪತ್ರೆ. ಅದರ ಕೆಳಗೆ ಉಪಕೇಂದ್ರಗಳಿರುತ್ತವೆ. ಕಟ್ಟಡ, ಅನುದಾನ, ಕಾರ್ಯಕ್ರಮ ಸರ್ಕಾರದವು, ಸಿಬ್ಬಂದಿಯ ನೇಮಕ ಮತ್ತು ದಿನನಿತ್ಯದ ಆಡಳಿತ ಸಂಸ್ಥೆಯದು, ಚಿಕಿತ್ಸೆ ಉಚಿತ: ಇದು ಒಪ್ಪಂದದ ತಿರುಳು. ಮಾನಸಿಕ ಆರೋಗ್ಯ ಮತ್ತು ಮೂರ್ಛೆರೋಗದ ಚಿಕಿತ್ಸೆಯನ್ನು ತಾಲ್ಲೂಕು ಕೇಂದ್ರಕ್ಕೂ ಮೇಲಿನ ಆಸ್ಪತ್ರೆಗಳಿಗೂ ಕಾಯ್ದಿರಿಸದೆ ಹಳ್ಳಿಯ ಆಸ್ಪತ್ರೆಯಲ್ಲೇ ನೀಡಿದ್ದು ಗುಂಬಳ್ಳಿಯ ವಿಶೇಷ. ಈ ಮಾದರಿ ಆಮೇಲೆ ಕರ್ನಾಟಕದ ಹಲವೆಡೆಗೂ ಹೊರರಾಜ್ಯಗಳಿಗೂ ಹರಡಿತು. ಸರ್ಕಾರ ತನ್ನ ಹೊಣೆಯನ್ನು ಖಾಸಗಿಯವರ ಹೆಗಲಿಗೆ ಜಾರಿಸುವ ಹಾದಿ ಇದಾಗಬಹುದೆಂಬ ಆಕ್ಷೇಪವೂ ಜೊತೆಗೇ ಬೆಳೆಯಿತು, ಅದನ್ನು ಸುಲಭವಾಗಿ ತಳ್ಳಿಹಾಕಲಾಗದು. ಗುಂಬಳ್ಳಿಯ ಹಿಂದೆ ಹದಿನೈದು ವರ್ಷಗಳ ಸ್ಥಳೀಯ ಪರಿಚಯವಿತ್ತು, ಒಪ್ಪಂದದ ಪತ್ರವೊಂದರಿಂದ ಬೇರೆಡೆ ಅದು ಹುಟ್ಟಿಕೊಳ್ಳುವುದಿಲ್ಲ.

ಬೆಟ್ಟದ ಮೇಲೆ ಇದೇ ಕಾಲದಲ್ಲಿ ಆರೋಗ್ಯದ ಪ್ರಶ್ನೆ ಮತ್ತೆ ಕಾಡಿನ ಪ್ರಶ್ನೆಯಾಗಿ ತಿರುಗಿತು. ಜೇನು, ನೆಲ್ಲಿಕಾಯಿ, ಅಂಟುವಾಳ, ಕಲ್ಲುಹೂವುಗಳನ್ನು ಸಂಗ್ರಹಿಸಿ ‘ಲ್ಯಾಂಪ್ಸ್’ ಎಂದು ಕರೆಯುವ ಆದಿವಾಸಿ ಸಹಕಾರ ಸಂಘಗಳಿಗೆ ಮಾರುವುದು ಸೋಲಿಗರ ಮುಖ್ಯ ವರಮಾನವಾಗಿತ್ತು. ವನ್ಯಜೀವಿ ಕಾನೂನಿನ ತಿದ್ದುಪಡಿಯ ಆಧಾರದ ಮೇಲೆ 2006ರಲ್ಲಿ ಈ ಸಂಗ್ರಹಣೆ ನಿಂತಾಗ, ಬಹುತೇಕರು ಕಾಫಿ ತೋಟಗಳ ಕೂಲಿಗೆ ಇಳಿಯಬೇಕಾಯಿತು. 2011ರ ಜನವರಿಯಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಯಿತು; ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ 25 ಪೋಡುಗಳಿಗೆ ಸಮುದಾಯ ಹಕ್ಕುಪತ್ರಗಳೂ ದೊರೆತವು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂಥ ಹಕ್ಕು ಮಾನ್ಯವಾದುದು ಆಗ ಹೊಸ ಸಂಗತಿ. ಬೇಸಗೆಯ ಆರಂಭದಲ್ಲಿ ಒಣ ತರಗಿಗೆ ಹಚ್ಚುತ್ತಿದ್ದ ‘ತರಗು ಬೆಂಕಿ’ಯನ್ನು ನಿಲ್ಲಿಸಿದ್ದರಿಂದಲೇ ಲಂಟಾನ ಹಬ್ಬಿ, ನೆಲ್ಲಿಮರಗಳಿಗೆ ಬಂದಳಿಕೆ ಹೆಚ್ಚಿತೆಂದು ಸೋಲಿಗರ ಹಿರಿಯರು ಹೇಳುತ್ತಾರೆ. ಲಂಟಾನದ ಪೊದೆಗಳ ನಡುವೆ ಗೆಡ್ಡೆ ಅಗೆಯುವುದು, ಸೊಪ್ಪು ಕೀಳುವುದು ಕಷ್ಟ. ರಾಗಿ ಮತ್ತು ಕಾಡಿನ ಆಹಾರದ ಜಾಗಕ್ಕೆ ಪಡಿತರದ ಅಕ್ಕಿ ಬಂದು, ಹಿಂದೆ ಪೋಡುಗಳಲ್ಲಿ ಅಪರೂಪವಾಗಿದ್ದ ಬಿ.ಪಿ. ಈಗ ತಪಾಸಣೆಯಲ್ಲಿ ಕಾಣುತ್ತಿರುವುದಕ್ಕೆ ಈ ಬದಲಾವಣೆಯ ಸಂಬಂಧವಿಲ್ಲವೆನ್ನುವುದು ಸಾಧ್ಯವಿಲ್ಲ.

ಸೋಲಿಗರಲ್ಲಿ ಸಿಕಲ್ ಸೆಲ್ ಅನೀಮಿಯಾ ಎಂಬ ಆನುವಂಶಿಕ ರಕ್ತರೋಗವಿರುವುದು 1980ರ ದಶಕದಲ್ಲಿಯೇ ಪತ್ತೆಯಾಗಿತ್ತು. ದುಂಡಗಿರಬೇಕಾದ ಕೆಂಪು ರಕ್ತಕಣಗಳು ಕುಡಗೋಲಿನ ಆಕಾರಕ್ಕೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ತೀವ್ರವಾದ ಮೈಕೈ ನೋವನ್ನೂ ರಕ್ತಹೀನತೆಯನ್ನೂ ತರುತ್ತವೆ. ದೋಷವಿರುವ ವಂಶವಾಹಿ ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಬಂದಿದ್ದರೆ ವ್ಯಕ್ತಿ ವಾಹಕ, ರೋಗಿಯಲ್ಲ. ಅಂಥವರಿಗೆ ಮಲೇರಿಯಾದ ಮಾರಕ ರೂಪದಿಂದ ಕೊಂಚ ರಕ್ಷಣೆಯೂ ಇರುವುದರಿಂದ ಮಲೇರಿಯಾ ಹೆಚ್ಚಾಗಿದ್ದ ಕಾಡುಸೀಮೆಗಳಲ್ಲಿ ಈ ಗುಣ ತಲೆಮಾರುಗಳುದ್ದಕ್ಕೂ ಉಳಿದುಬಂದಿದೆ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲೊಂದು. ಮೊದಲ ಹಂತದ ಪರೀಕ್ಷೆಗೆ ಬೆರಳ ತುದಿಯ ಒಂದೆರಡು ಹನಿ ರಕ್ತ ಸಾಕು: ಅದನ್ನು ರಾಸಾಯನಿಕ ದ್ರಾವಣದ ಕೊಳವೆಯಲ್ಲಿ ಬೆರೆಸಿ, ಕಪ್ಪು ಗೆರೆಗಳಿರುವ ಕಾಗದದ ಮುಂದೆ ಹಿಡಿದಾಗ ಗೆರೆಗಳು ತಿಳಿಯಾಗಿ ಕಂಡರೆ ದೋಷವಿಲ್ಲ, ದ್ರಾವಣ ಕದಡಿ ಗೆರೆಗಳು ಮರೆಯಾದರೆ ರಕ್ತವನ್ನು ಮುಂದಿನ ಪರೀಕ್ಷೆಗೆ ಕಳಿಸಬೇಕು.

ಫಲಿತಾಂಶದ ಚೀಟಿಯನ್ನು ಕೈಗಿಡುವುದರಿಂದ ಕೆಲಸ ಮುಗಿಯುವುದಿಲ್ಲ. ಕುಲ ಬೇರೆಯಾಗಿದ್ದರೆ ಮದುವೆಗೆ ಅಡ್ಡಿಯಿಲ್ಲವೆಂಬುದು ಸೋಲಿಗರ ಕಟ್ಟಳೆ. ಬೇರೆ ಕುಲದವರಾದರೂ ಇಬ್ಬರೂ ವಾಹಕರಾಗಿರಬಹುದೆಂಬ ಮಾತನ್ನು ಪೋಡಿನ ಯಜಮಾನರ ಮುಂದಿಟ್ಟು, ಹುಡುಗ ಹುಡುಗಿಯರಿಗೆ ಕಳಂಕ ತಟ್ಟದಂತೆ ವಿವರಿಸಬೇಕು. ದೇಶದಾದ್ಯಂತ ಈ ರೋಗವನ್ನು 2047ರೊಳಗೆ ನಿವಾರಿಸುವ ಗುರಿಯೊಡನೆ ಕೇಂದ್ರ ಸರ್ಕಾರ 2023ರ ಜುಲೈ 1ರಂದು ಅಭಿಯಾನವೊಂದನ್ನು ಆರಂಭಿಸಿದ ಮೇಲೆ ತಪಾಸಣೆಗೆ ವೇಗ ಬಂದಿದೆ. ನೋವಿನ ಸರದಿಗಳನ್ನು ಕಡಿಮೆ ಮಾಡುವ ಹೈಡ್ರಾಕ್ಸಿಯೂರಿಯಾ ಗುಳಿಗೆಯೂ ಇದೆ, ಆದರೆ ಅದನ್ನು ಬಿಡದೆ ನುಂಗಬೇಕು, ಆಗಾಗ್ಗೆ ರಕ್ತಪರೀಕ್ಷೆ ಆಗಬೇಕು. ರಕ್ತ ಹಾಕಿಸಬೇಕಾದ ರೋಗಿಯಂತೂ ಬೆಟ್ಟವಿಳಿದು ಚಾಮರಾಜನಗರಕ್ಕೋ ಮೈಸೂರಿಗೋ ಹೋಗಲೇಬೇಕು. ಸಂಜೆಯ ಮೇಲೆ ಬೆಟ್ಟದ ರಸ್ತೆಯಲ್ಲಿ ಆನೆಗಳ ಓಡಾಟ, ಅರಣ್ಯ ಇಲಾಖೆಯ ತಪಾಸಣಾ ಠಾಣೆಯಲ್ಲಿ ವಾಹನಗಳಿಗೆ ನಿರ್ಬಂಧ. ಜೊತೆಗೆ ಹೋದ ಅಣ್ಣನೋ ಅತ್ತೆಯೋ ತೋಟದ ಕೂಲಿ ಕಳೆದುಕೊಳ್ಳುತ್ತಾರೆ. ಔಷಧ ಉಚಿತವಾಗಿದ್ದೂ ಚಿಕಿತ್ಸೆ ನಡುವೆ ನಿಂತುಹೋಗುವುದು ಹೆಚ್ಚಾಗಿ ದಾರಿಯ ಈ ತೊಡಕುಗಳಿಂದ ಮತ್ತು ಕೂಲಿಯ ನಷ್ಟದಿಂದ.