ಎರಡು ಕೊಣ್ಣೂರು, ಒಂದು ಅಡಿಟಿಪ್ಪಣಿ

ಮೂಡಲಗಿಯ ತರುಣ ಅಧ್ಯಾಪಕರೊಬ್ಬರು ಕಳೆದ ವರ್ಷ ಹಸ್ತಪ್ರತಿಯೊಂದನ್ನು ಹಿಡಿದು ನಮ್ಮ ಮನೆಗೆ ಬಂದರು. ಜೊತೆಗೆ ಗೋಕಾಕದ ಕರದಂಟಿನ ಪೊಟ್ಟಣವೂ ಇತ್ತು. ಗೋಕಾಕ, ಹುಕ್ಕೇರಿ ಸೀಮೆಯ ಶಾಸನ ಮತ್ತು ಸ್ಮಾರಕಗಳ ಬಗ್ಗೆ ಬರೆದ ಆ ಪ್ರಬಂಧವನ್ನು ಅವರು ಸಂಶೋಧನಾ ಪತ್ರಿಕೆಯೊಂದಕ್ಕೆ ಕಳಿಸುವವರಿದ್ದರು. ನಾವು ಕತೆ ಬರೆಯುವವರು, ಇತಿಹಾಸಕಾರರಲ್ಲ. ಉರ್ದು, ಕನ್ನಡ ಎರಡೂ ಶಾಲೆಗಳಲ್ಲಿ ಕಲಿತವರೆಂಬ ಕಾರಣಕ್ಕೆ ನಮ್ಮನ್ನು ಹುಡುಕಿಕೊಂಡು ಬಂದಿದ್ದರು.

ಓದುತ್ತ ಹೋದಂತೆ ಒಂದು ಕಡೆ ಕಣ್ಣು ನಿಂತಿತು. ರಾಷ್ಟ್ರಕೂಟ ಅಮೋಘವರ್ಷನ ಕೊಣ್ಣೂರು ಶಾಸನವನ್ನು ಅವರು ಗೋಕಾಕ ತಾಲೂಕಿನ ಲೆಕ್ಕಕ್ಕೆ ಸೇರಿಸಿದ್ದರು. ಶಕವರ್ಷ 782, ಅಂದರೆ ಕ್ರಿ.ಶ. 860ರ ತೇದಿ ಹೊತ್ತ ಆ ಶಾಸನವನ್ನು ಕೀಲ್‌ಹಾರ್ನ್ ಎಂಬ ವಿದ್ವಾಂಸರು ಎಪಿಗ್ರಾಫಿಯಾ ಇಂಡಿಕಾದ 6ನೇ ಸಂಪುಟದಲ್ಲಿ ಪ್ರಕಟಿಸಿದ್ದಾರೆ. ಆದರೆ ಆ ಕೊಣ್ಣೂರು ಇರುವುದು ಇಂದಿನ ಗದಗ ಜಿಲ್ಲೆಯ ನರಗುಂದ ತಾಲೂಕಿನಲ್ಲಿ. ಗೋಕಾಕದ ಕೊಣ್ಣೂರಿಗೂ ತನ್ನದೇ ಶಾಸನವಿದೆ. ಸವದತ್ತಿಯ ರಟ್ಟರ ಕಾಲದ ಆ ಶಾಸನವನ್ನು ಓದಿ ಪ್ರಕಟಿಸಿದವರು ಫ್ಲೀಟ್. ಹೆಸರು ಒಂದೇ, ಊರು ಎರಡು. ಮೂಲ ಸಂಪುಟ ತೆರೆಯದೆ ಯಾರೋ ಬರೆದ ಪುಸ್ತಕದಿಂದ ಎತ್ತಿಕೊಂಡರೆ ಒಂದು ಊರಿನ ಕಲ್ಲು ಇನ್ನೊಂದು ಊರಿಗೆ ನಡೆದು ಹೋಗುತ್ತದೆ.

ತಾಲೂಕಿನ ಹೆಸರೂ ಹೀಗೆಯೇ ಕೈಕೊಡುತ್ತದೆ. ಮೂಡಲಗಿ ಪ್ರತ್ಯೇಕ ತಾಲೂಕಾದದ್ದು ಇತ್ತೀಚೆಗೆ. ಅದಕ್ಕೂ ಹಿಂದಿನ ದಾಖಲೆಗಳಲ್ಲಿ ಅಲ್ಲಿನ ಊರುಗಳನ್ನು ಗೋಕಾಕ ತಾಲೂಕಿನ ಅಡಿಯಲ್ಲಿ ಹುಡುಕಬೇಕು. ಶ್ರೀಕೃಷ್ಣ ಪಾರಿಜಾತದ ಕುಲಗೋಡ ತಮ್ಮಣ್ಣನ ಊರನ್ನು ಹುಡುಕುವವರಿಗೂ ಇದೇ ದಾರಿ.

ತರುಣರ ಮುಖ ಬಾಡಿತು. ಆಗ ಗೋಕಾಕದ್ದೇ ಒಂದು ಉದಾಹರಣೆ ಹೇಳಿದೆವು. ಗೋಕಾಕದಲ್ಲಿ ಸಿಕ್ಕ, ದೆಜ್ಜ ಮಹಾರಾಜನ ಹೆಸರಿರುವ ತಾಮ್ರಪಟಗಳನ್ನು ಎನ್. ಲಕ್ಷ್ಮೀನಾರಾಯಣ ರಾವ್ ಅವರು ಎಪಿಗ್ರಾಫಿಯಾ ಇಂಡಿಕಾದ 21ನೇ ಸಂಪುಟದಲ್ಲಿ ಪ್ರಕಟಿಸಿದರು. ಸೇಂದ್ರಕ ವಂಶದ ಇಂದ್ರಣಂದ ಜೈನ ಮುನಿಯೊಬ್ಬರಿಗೆ ಭೂಮಿ ಕೊಟ್ಟ ದಾನಪತ್ರವದು. ಅದರಲ್ಲಿ ‘ಆಗುಪ್ತಾಯಿಕ’ ಅರಸರ 845ನೇ ವರ್ಷ ಎಂದಿದೆ. ಆ ಎಣಿಕೆ ಶುರುವಾದದ್ದು ಎಂದಿನಿಂದ? ಅದು ಇವತ್ತಿಗೂ ಇತ್ಯರ್ಥವಾಗಿಲ್ಲ. ಲಿಪಿಯ ಆಕಾರ ನೋಡಿ ಸುಮಾರು ಆರು-ಏಳನೇ ಶತಮಾನದ್ದು ಎನ್ನುತ್ತಾರೆ. ಕಂಡ ಅಕ್ಷರ ಒಂದು ಕಡೆ, ಊಹೆ ಇನ್ನೊಂದು ಕಡೆ. ಎರಡರ ನಡುವೆ ಗೆರೆ ಎಳೆದಿರುವುದರಿಂದಲೇ ಮುಂದಿನವರು ವಾದ ಮಾಡಲು ಜಾಗ ಉಳಿದಿದೆ.

ಇಷ್ಟು ಉಪದೇಶ ಮುಗಿಸಿ ಪುಟ ತಿರುವಿದೆವು. ಹುಕ್ಕೇರಿಯ ಭಾಗ ಬಂತು. ಆದಿಲ್‌ಶಾಹಿ ಕಾಲದ ಗುಮ್ಮಟಗಳ ವರ್ಣನೆ ಸೊಗಸಾಗಿತ್ತು. ಕೊನೆಗೊಂದು ವಾಕ್ಯ: ‘ಬದುಕಿದ್ದಾಗ ಮುಖ ನೋಡದ ಅಣ್ಣತಮ್ಮಂದಿರು ಸತ್ತ ಮೇಲೆ ಇಲ್ಲಿ ಅಕ್ಕಪಕ್ಕ ಮಲಗಿದ್ದಾರೆ.’ ಅಡಿಟಿಪ್ಪಣಿ ನೋಡಿದೆವು. ಅಲ್ಲಿದ್ದದ್ದು ನಮ್ಮ ಹೆಸರು!

ಹಲವು ವರ್ಷಗಳ ಹಿಂದೆ ಸ್ಮರಣ ಸಂಚಿಕೆಯೊಂದಕ್ಕೆ ನಾವು ಆ ಮಾತು ಬರೆದಿದ್ದೆವು. ಯಾವ ಶಾಸನದಲ್ಲೂ ಓದಿದ್ದಲ್ಲ, ಯಾವ ಮುದುಕರೂ ಹೇಳಿದ್ದಲ್ಲ. ಸಂಜೆ ಗುಮ್ಮಟಗಳ ನೆರಳು ನೋಡುತ್ತ ಕೂತಾಗ ಹೊಳೆದದ್ದು. ಕತೆಯೆಂದು ಹೇಳದೆ ಲೇಖನದೊಳಗೆ ಸೇರಿಸಿದ್ದೆವು.

“ಇದನ್ನ ತಗದ ಹಾಕ್ರಿ” ಎಂದೆವು.

“ನೀವ ಬರದೀರಲ್ರಿ ಸರ!” ಎಂದರು ಅವರು.

ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಇಂದು ಯಾವ ಗೋರಿ ಯಾರದು, ಯಾವ ಕಲ್ಲು ಯಾರದು ಎಂದು ಬೀದಿಯಲ್ಲಿ ಜಗಳಗಳಾಗುತ್ತಿವೆ. ಇಂಥ ದಿನಗಳಲ್ಲಿ ಅಡಿಟಿಪ್ಪಣಿಯ ಬೆನ್ನೇರಿದ ಸುಳ್ಳು ಎಲ್ಲಿಗೆ ಹೋಗಿ ಮುಟ್ಟುವುದೋ ಯಾರು ಬಲ್ಲರು? ನಮ್ಮದು ನಿರುಪದ್ರವಿ ಸುಳ್ಳು ಎನ್ನಬಹುದು. ಸುಳ್ಳು ಹುಟ್ಟಿಸಿದ ಪ್ರತಿಯೊಬ್ಬರೂ ಹಾಗೆಯೇ ಅಂದುಕೊಂಡಿರುತ್ತಾರೆ.

ಓದುವವರು ಬೇರೆ ಬೇರೆಯಾಗಿರುವುದರಿಂದಲೂ ಇಂಥ ಸುಳ್ಳು ಬಾಳುತ್ತದೆ. ಅರಬ್ಬಿ, ಫಾರ್ಸಿ ಶಾಸನಗಳಿಗೆಂದೇ 1907-08ರಲ್ಲಿ ‘ಎಪಿಗ್ರಾಫಿಯಾ ಇಂಡೋ-ಮೊಸ್ಲೆಮಿಕಾ’ ಶುರುವಾಯಿತು. ಬಹುಕಾಲ ಅದರ ಸಂಪಾದಕರಾಗಿದ್ದವರು ಗುಲಾಂ ಯಜ್ದಾನಿ. ಕನ್ನಡ ವಿದ್ಯಾರ್ಥಿ ಆ ಸಂಪುಟಗಳನ್ನು ಮುಟ್ಟುವುದು ಅಪರೂಪ. ಉರ್ದು ಬಲ್ಲವರು ಹಳಗನ್ನಡದ ಕಲ್ಲಿನ ಮುಂದೆ ನಿಲ್ಲುವುದು ಇನ್ನೂ ಅಪರೂಪ. ಒಂದೇ ಸೀಮೆಯ ಚರಿತ್ರೆ ಎರಡು ಕಪಾಟುಗಳಲ್ಲಿ ಕೂತಿದೆ. ನಡುವಿನ ಖಾಲಿ ಜಾಗವನ್ನು ನಮ್ಮಂಥ ಕತೆಗಾರರು ತುಂಬಿಬಿಡುತ್ತೇವೆ.

ತರುಣರಿಗೆ ಅವಸರವಿತ್ತು. ದುಡ್ಡು ಕೊಟ್ಟರೆ ವಾರದೊಳಗೆ ಅಚ್ಚು ಹಾಕುವ ಪತ್ರಿಕೆಗಳು ಅವರಿಗೂ ಗೊತ್ತಿದ್ದವು. ಇಂಥವನ್ನು ಜರಡಿ ಹಿಡಿಯಲೆಂದು ಯುಜಿಸಿ 2019ರಲ್ಲಿ ‘ಕೇರ್’ ಪಟ್ಟಿ ತಂದಿತು. 2025ರಲ್ಲಿ ಅದನ್ನು ಕೈಬಿಟ್ಟಿತು. ಈಗ ಪತ್ರಿಕೆಯ ಯೋಗ್ಯತೆ ಅಳೆಯುವ ಹೊಣೆ ಸಂಸ್ಥೆಗಳ ಮೇಲೂ ಬರೆಯುವವರ ಮೇಲೂ ಬಿದ್ದಿದೆ. ಒಳ್ಳೆಯ ಪತ್ರಿಕೆಯಾದರೆ ಲೇಖಕರ ಹೆಸರು ಮುಚ್ಚಿ ವಿಷಯ ಬಲ್ಲವರಿಗೆ ಓದಲು ಕೊಡುತ್ತದೆ. ತಿಂಗಳುಗಟ್ಟಲೆ ಕಾಯಿಸುತ್ತದೆ, ಪ್ರಶ್ನೆಗಳ ಪಟ್ಟಿ ಕಳಿಸುತ್ತದೆ. ಆ ಪ್ರಶ್ನೆಗಳಿಗೆ ಹೆದರಬಾರದು. ಅವು ನಮ್ಮ ತಪ್ಪು ಊರ ತಪ್ಪಾಗದಂತೆ ತಡೆಯುವ ಬೇಲಿ.

ಮುಂದಿನ ವಾರ ಇಬ್ಬರೂ ಹುಕ್ಕೇರಿಗೆ ಹೋದೆವು. ಅವರು ಅಳತೆಪಟ್ಟಿ ಹಿಡಿದು ಗುಮ್ಮಟಗಳನ್ನು ಸುತ್ತಿದರು, ಚಿತ್ರ ತೆಗೆದರು, 1884ರ ಬೆಳಗಾವಿ ಗ್ಯಾಸೆಟಿಯರ್‌ನ ಟಿಪ್ಪಣಿಯ ಜೊತೆ ಹೋಲಿಸಿ ಬರೆದುಕೊಂಡರು. ಇಪ್ಪತ್ತೆರಡು ಪುಟವಿದ್ದ ಪ್ರಬಂಧ ಹದಿನಾಲ್ಕಕ್ಕೆ ಇಳಿಯಿತು. ಕೊಣ್ಣೂರು ತನ್ನ ಊರಿಗೆ ಮರಳಿತು. ಅಣ್ಣತಮ್ಮಂದಿರು ಹೊರಟುಹೋದರು. ಪ್ರಬಂಧ ಈಗ ಪತ್ರಿಕೆಯವರ ಕೈಯಲ್ಲಿದೆ.

ನಮ್ಮ ಆ ಹಳೆಯ ಲೇಖನ ಮಾತ್ರ ಯಾವ ಯಾವ ಮನೆಯ ಕಪಾಟಿನಲ್ಲಿದೆಯೋ ನಾವರಿಯೆವು. ಅದಕ್ಕೇ ಇಲ್ಲಿ ಬರೆದು ಹೇಳುತ್ತಿದ್ದೇವೆ: ಹುಕ್ಕೇರಿಯ ಆ ಅಣ್ಣತಮ್ಮಂದಿರು ನಾವು ಕಟ್ಟಿದವರು. ದಯವಿಟ್ಟು ಯಾರೂ ಅವರನ್ನು ಅಡಿಟಿಪ್ಪಣಿಗೆ ಸೇರಿಸಬೇಡಿ.